ಗಾಜಿನ ತೊಟ್ಟಿಯಲ್ಲಿ ಹವಳ ಬಿಳಿಚುವುದೇಕೆ?

ಹವಳವೆಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಆಭರಣದಂಗಡಿಯ ವಸ್ತು. ನವರತ್ನಗಳಲ್ಲೊಂದು; ತಾಳಿಯ ಸರದಲ್ಲಿ ಕರಿಮಣಿ, ಮುತ್ತುಗಳ ಜೊತೆ ಪೋಣಿಸುವ ಕೆಂಪು ಮಣಿ; ಕುಜದೋಷಕ್ಕೆಂದು ಜ್ಯೋತಿಷಿಗಳು ಹೇಳುವ ಉಂಗುರದ ಕಲ್ಲು. ಕಲ್ಲೆಂದೇ ತಿಳಿದ ಈ ವಸ್ತು ಒಂದು ಪ್ರಾಣಿಯ ಅಸ್ಥಿ, ಆ ಪ್ರಾಣಿಗೆ ಬಾಯಿ ಹೊಟ್ಟೆಗಳಿವೆ, ಅದಕ್ಕೂ ಕಾಯಿಲೆ ಕಸಾಲೆ ಬರುತ್ತದೆ ಎಂದರೆ ನಂಬುವುದು ಸ್ವಲ್ಪ ಕಷ್ಟವೇ.

ಆದರೆ ನಡುಮನೆಯಲ್ಲಿ ಗಾಜಿನ ತೊಟ್ಟಿಯಿಟ್ಟು, ಉಪ್ಪುನೀರು ತುಂಬಿ, ಜೀವಂತ ಹವಳ ಸಾಕುವವರು ಅಮೆರಿಕ, ಜರ್ಮನಿ, ಬ್ರಿಟನ್, ಜಪಾನ್‌ಗಳಲ್ಲಿ ಸಾವಿರಾರು ಮಂದಿ ಇದ್ದಾರೆ. ಅವರನ್ನೆಲ್ಲ ಕಾಡುವ ಪ್ರಶ್ನೆ ಒಂದೇ. ನಿನ್ನೆಯವರೆಗೆ ಹೂವಿನಂತೆ ಅರಳುತ್ತಿದ್ದ ಹವಳ ಇಂದು ಮುದುಡಿ ಕೂತಿದೆ. ನಾಲ್ಕು ದಿನ ಕಳೆದರೆ ಬಣ್ಣ ಮಾಸುತ್ತದೆ. ಮತ್ತೊಂದು ವಾರದಲ್ಲಿ ಬುಡದಿಂದ ಚರ್ಮ ಸುಲಿದು ಬಿಳಿಯ ಅಸ್ಥಿ ಇಣುಕುತ್ತದೆ. ತೊಟ್ಟಿಯ ಮೀನುಗಳು ಮಾತ್ರ ಏನೂ ಆಗಿಲ್ಲವೆಂಬಂತೆ ಓಡಾಡಿಕೊಂಡಿವೆ. ನೀರು ಸ್ಫಟಿಕದಷ್ಟು ತಿಳಿಯಾಗಿದೆ. ಹಾಗಾದರೆ ತಪ್ಪಿದ್ದೆಲ್ಲಿ?

ಈ ಪ್ರಶ್ನೆಗೆ ಸುಮಾರು 180 ವರ್ಷಗಳ ಇತಿಹಾಸವಿದೆ. ಉತ್ತರ ಹುಡುಕಿದವರಲ್ಲಿ ವಿಜ್ಞಾನಿಗಳಿಗೆ ಸರಿಸಮನಾಗಿ ಗೃಹಿಣಿಯರು, ಹವ್ಯಾಸಿಗಳು ನಿಲ್ಲುತ್ತಾರೆ. ಹವಳದ ಬಗ್ಗೆ ಇಂದು ನಮಗೆ ಗೊತ್ತಿರುವ ಎಷ್ಟೋ ಸಂಗತಿಗಳು ತೊಟ್ಟಿಯಲ್ಲಿ ಸತ್ತ ಹವಳಗಳು ಕಲಿಸಿದವು.

ಮೊದಲು ಅದು ಪ್ರಾಣಿಯೆಂದು ತಿಳಿಯುವುದಕ್ಕೇ ಪಾತ್ರೆಯೊಂದು ಬೇಕಾಯಿತು. ಇಟಲಿಯ ಲೂಯಿಜಿ ಮಾರ್ಸಿಲಿ ಎಂಬಾತ 1706ರಲ್ಲಿ ಫ್ರಾನ್ಸಿನ ಕರಾವಳಿಯಲ್ಲಿ ಆಗತಾನೆ ತೆಗೆದ ಕೆಂಪು ಹವಳದ ಕೊಂಬೆಗಳನ್ನು ಸಮುದ್ರದ ನೀರಿನಲ್ಲಿ ಹಾಕಿಟ್ಟ. ಬಳಿಕ ನೋಡಿದರೆ ಕೊಂಬೆಗಳ ತುಂಬ ಬಿಳಿಯ ಹೂಗಳು! ನೀರಿನಿಂದೆತ್ತಿದರೆ ಮಾಯ, ಮುಳುಗಿಸಿದರೆ ಮತ್ತೆ ಹಾಜರು. ಹವಳವೆಂಬುದು ಸಮುದ್ರದ ಗಿಡ ಎಂದು ಆತ ಸಾರಿದ. ಅವು ಹೂಗಳಲ್ಲ, ಪುಟ್ಟ ಪ್ರಾಣಿಗಳು ಎಂದು ಮಾರ್ಸೇಲ್ಸಿನ ವೈದ್ಯ ಪೆಯ್ಸೊನೆಲ್ 1720ರ ದಶಕದಲ್ಲಿ ಹೇಳಿದಾಗ ಪ್ಯಾರಿಸ್ಸಿನ ಪಂಡಿತರು ನಂಬಲಿಲ್ಲ. ಅವನ ವಾದವನ್ನು ಸಭೆಯ ಮುಂದಿಟ್ಟ ರೆಯೊಮೂರ್, ಅವನ ಹೆಸರನ್ನು ಬಾಯಿಬಿಟ್ಟು ಹೇಳುವುದಕ್ಕೂ ಹಿಂಜರಿದ. ಒಪ್ಪಿಕೊಳ್ಳುವ ಹೊತ್ತಿಗೆ ಇನ್ನೂ ಹದಿನೈದು ವರ್ಷಗಳು ಕಳೆದವು.

ಹವಳವನ್ನು ಮನೆಗೆ ತಂದು ವರ್ಷಗಟ್ಟಲೆ ಬದುಕಿಸಿದ ಕೀರ್ತಿ ಆ್ಯನಾ ಥಿನ್ ಎಂಬ ಇಂಗ್ಲಿಷ್ ಮಹಿಳೆಯದು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಪಾದ್ರಿಯೊಬ್ಬರ ಪತ್ನಿ. 1846ರಲ್ಲಿ ಟಾರ್ಕಿ ಎಂಬ ಕಡಲೂರಿಗೆ ಹೋಗಿದ್ದಾಗ ಆಕೆಗೆ ಬಟ್ಟಲಿನಾಕಾರದ ಪುಟ್ಟ ಹವಳಗಳು ಸಿಕ್ಕವು. ಊರಿಗೊಯ್ಯುವ ದಾರಿಯಲ್ಲಿ ಅಲುಗಾಡಿ ಹಾಳಾಗದಿರಲಿ ಎಂದು ಅವನ್ನು ಸೂಜಿ ದಾರದಿಂದ ದೊಡ್ಡದೊಂದು ಸ್ಪಂಜಿಗೆ ಹೊಲಿದು, ಸಮುದ್ರದ ನೀರಿದ್ದ ಜಾಡಿಯಲ್ಲಿಟ್ಟುಕೊಂಡು ಹೊರಟಳು. ಹೆಂಗಸರ ಕೈಕೆಲಸ ವಿಜ್ಞಾನದ ಚರಿತ್ರೆಯಲ್ಲಿ ಹೀಗೆ ನೇರವಾಗಿ ಕಾಣಿಸಿಕೊಳ್ಳುವುದು ಅಪರೂಪ.

ಲಂಡನ್ನಿನಲ್ಲಿ ಸಮುದ್ರವೆಲ್ಲಿದೆ? ಕಡಲಿನಿಂದ ನೀರು ತರಿಸುವುದು ನಿತ್ಯ ಆಗುವ ಮಾತಲ್ಲ. ಇರುವ ನೀರಿಗೇ ಗಾಳಿ ಸೇರಿಸಿದರೆ ಹೇಗೆ ಎಂದು ಆಕೆಗೆ ಹೊಳೆಯಿತು. ತೆರೆದ ಕಿಟಕಿಯ ಬಳಿ ನಿಂತು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ನೀರನ್ನು ಎತ್ತಿ ಹೊಯ್ಯುವುದು, ನಮ್ಮ ಹೋಟೆಲುಗಳಲ್ಲಿ ಕಾಫಿ ಆರಿಸುವಂತೆ, ಅರ್ಧ ಮುಕ್ಕಾಲು ಗಂಟೆ. ಈ ಕೆಲಸ ಬಿದ್ದದ್ದು ಮನೆಯ ಕೆಲಸದ ಹುಡುಗಿಯ ಪಾಲಿಗೆ. ಆ ಹುಡುಗಿಯ ಹೆಸರನ್ನು ಯಾರೂ ಬರೆದಿಡಲಿಲ್ಲ. 1847ರಲ್ಲಿ ಆ್ಯನಾ ಥಿನ್ ತೊಟ್ಟಿಗೆ ಕಡಲ ಸಸ್ಯಗಳನ್ನೂ ಹಾಕಿದಳು. ಬೆಳಕಿನಲ್ಲಿ ಸಸ್ಯ ಆಮ್ಲಜನಕ ಕೊಟ್ಟಿತು, ಹುಡುಗಿಯ ತೋಳಿಗೆ ವಿಶ್ರಾಂತಿ ಸಿಕ್ಕಿತು. ಹವಳಗಳು ಸುಮಾರು ಮೂರು ವರ್ಷ ಬದುಕಿದ್ದಲ್ಲದೆ ಮರಿಗಳನ್ನೂ ಹಾಕಿದವು. ಆಕೆಯ ಟಿಪ್ಪಣಿಗಳು ಪ್ರಕಟವಾದದ್ದು 1859ರಲ್ಲಿ. ಅಷ್ಟು ಹೊತ್ತಿಗೆ ಅಕ್ವೇರಿಯಂ ಎಂಬ ಹೊಸ ಹುಚ್ಚು ಇಂಗ್ಲೆಂಡನ್ನು ಆವರಿಸಿಯಾಗಿತ್ತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಆ್ಯನಾ ಥಿನ್ ತಂದದ್ದು ತಣ್ಣೀರಿನ ಹವಳ. ಅದು ಬಾಯಿಗೆ ಸಿಕ್ಕಿದ್ದನ್ನು ತಿಂದು ಬದುಕುವ ಜಾತಿ. ಬಿಸಿಲು ಅದಕ್ಕೆ ಬೇಡ. ಆಕೆಯ ಕೈಗೆ ಲಕ್ಷದ್ವೀಪದ ಹವಳ ಸಿಕ್ಕಿದ್ದರೆ ಲಂಡನ್ನಿನ ಮಂಕು ಚಳಿಗಾಲದಲ್ಲಿ ಒಂದೆರಡು ತಿಂಗಳೂ ಉಳಿಯುತ್ತಿರಲಿಲ್ಲ. ಅದೃಷ್ಟ ಒಳ್ಳೆಯದಿತ್ತು. ಆದರೆ ಅದೇ ಅದೃಷ್ಟದಿಂದಾಗಿ ಉಷ್ಣವಲಯದ ಹವಳದ ಗುಟ್ಟು ತೊಟ್ಟಿ ಇಡುವವರಿಂದ ಇನ್ನೂ ನೂರು ವರ್ಷ ಮರೆಯಾಗಿಯೇ ಉಳಿಯಿತು.

ಅಕ್ವೇರಿಯಂ ಹುಚ್ಚು ಹಬ್ಬಿಸಿದವರಲ್ಲಿ ಮುಖ್ಯನಾದವನು ಫಿಲಿಪ್ ಹೆನ್ರಿ ಗಾಸ್. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಸಾರ್ವಜನಿಕ ಅಕ್ವೇರಿಯಂ ತೆರೆಯಿತು. ಮರುವರ್ಷ ಗಾಸ್‌ನ ಪುಸ್ತಕ ಬಂತು. ಕಡಲಿನಿಂದ ದೂರವಿರುವವರಿಗಾಗಿ ಆತ ಕೃತಕ ಸಮುದ್ರದ ನೀರಿನ ಪಾಕವನ್ನೂ ಹೇಳಿಕೊಟ್ಟ. ಅಡುಗೆ ಉಪ್ಪು, ಎಪ್ಸಮ್ ಉಪ್ಪು, ಮೆಗ್ನೀಸಿಯಂ ಮತ್ತು ಪೊಟ್ಯಾಸಿಯಂ ಕ್ಲೋರೈಡ್‌ಗಳು. ಸಮುದ್ರದಲ್ಲಿ ಅಲ್ಪ ಪ್ರಮಾಣದಲ್ಲಿರುವ ಸುಣ್ಣದ ಲವಣಗಳನ್ನು ಬಿಟ್ಟುಬಿಟ್ಟ. ಮೀನಿಗೆ, ಏಡಿಗೆ ಅದು ಹೇಗೋ ನಡೆದೀತು. ಅಸ್ಥಿಯೆಲ್ಲ ಸುಣ್ಣವೇ ಆಗಿರುವ ಹವಳಕ್ಕೆ? ಕಟ್ಟಡದ ಮೇಸ್ತ್ರಿಗೆ ಇಟ್ಟಿಗೆ ಕೊಡದೆ ಮನೆ ಕಟ್ಟು ಎಂದ ಹಾಗಾಯಿತು.

ಗಾಸ್‌ನ ಪುಸ್ತಕಗಳ ಇನ್ನೊಂದು ಪರಿಣಾಮವೂ ಉಂಟು. ಅವನ್ನು ಓದಿದ ಜನ ಬುಟ್ಟಿ, ಸುತ್ತಿಗೆ ಹಿಡಿದು ಇಂಗ್ಲೆಂಡಿನ ಕಡಲತೀರಗಳಿಗೆ ಮುಗಿಬಿದ್ದರು. ಬಂಡೆಗಳ ನಡುವಿನ ನೀರ್ಗುಂಡಿಗಳು ಬರಿದಾದವು. ತಂದೆಯ ಪುಸ್ತಕಗಳೇ ತಂದೆ ಪ್ರೀತಿಸಿದ ತೀರವನ್ನು ಹಾಳುಗೆಡವಿದ ಬಗೆಯನ್ನು ಮಗ ಎಡ್ಮಂಡ್ ಗಾಸ್ 1907ರ ತನ್ನ ಆತ್ಮಕಥನದಲ್ಲಿ ನೋವಿನಿಂದ ನೆನೆದಿದ್ದಾನೆ.

ಬೆಳಕಿನ ಗುಟ್ಟು ಹೊರಬರುವುದಕ್ಕೆ ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ರೀಫ್‌ಗೆ ಹೋಗಬೇಕು. 1928-29ರಲ್ಲಿ ಬ್ರಿಟಿಷ್ ವಿಜ್ಞಾನಿಗಳ ತಂಡವೊಂದು ಅಲ್ಲಿನ ಲೋ ದ್ವೀಪಗಳಲ್ಲಿ ಬೀಡುಬಿಟ್ಟಿತ್ತು. ನಾಯಕ ಸಿ.ಎಂ. ಯಂಗ್. ಉಷ್ಣವಲಯದ ಹವಳದ ಚರ್ಮದೊಳಗೆ ಕಂದುಬಣ್ಣದ ಸೂಕ್ಷ್ಮ ಪಾಚಿಗಳು ಮನೆಮಾಡಿಕೊಂಡಿರುವುದು ಆಗಲೇ ಗೊತ್ತಿತ್ತು. ಯಂಗ್ ಮತ್ತು ಸಂಗಡಿಗರು ಹವಳಗಳನ್ನು ಬೆಳಕು ಸೋಕದ ಪೆಟ್ಟಿಗೆಯಲ್ಲಿಟ್ಟರು. ಹವಳ ತನ್ನ ಪಾಚಿಯನ್ನು ಹೊರಗೆ ತಳ್ಳಿ ಬಿಳಿಚಿಕೊಂಡಿತು. ನೀರು ಅತಿಯಾಗಿ ಬಿಸಿಯಾದಾಗಲೂ ಹೀಗೇ ಆಯಿತು. ಇಂದು ಪತ್ರಿಕೆಗಳಲ್ಲಿ ಆಗಾಗ ಕಾಣುವ ‘ಹವಳ ಬಿಳಿಚುವಿಕೆ’ಯ ಮೊದಲ ಪ್ರಯೋಗಗಳು ಇವೇ ಎನ್ನಬಹುದು. ಕಣ್ಣೆದುರೇ ಇದ್ದರೂ ಯಂಗ್‌ಗೆ ಅದರ ಪೂರ್ಣ ಅರ್ಥ ಹೊಳೆಯಲಿಲ್ಲ. ಹವಳ ಮಾಂಸಾಹಾರಿ, ಪಾಚಿ ಅದರ ಕಸ ಗುಡಿಸುವ ಆಳು, ಅಷ್ಟೇ ಎಂಬುದು ಆತನ ತೀರ್ಮಾನ.

ಪಾಚಿ ಬರೀ ಆಳಲ್ಲ, ಅಡುಗೆಯ ಭಟ್ಟನೂ ಹೌದು ಎಂಬುದು ವಿಕಿರಣಶೀಲ ಧಾತುಗಳನ್ನು ಬಳಸುವ ತಂತ್ರ ಬಂದ ಮೇಲೆ ತಿಳಿಯಿತು. ಪಾಚಿ ಬಿಸಿಲಿನಲ್ಲಿ ತಯಾರಿಸಿದ ಆಹಾರ ಆತಿಥೇಯ ಪ್ರಾಣಿಗೆ ಸಲ್ಲುವುದನ್ನು 1958ರಲ್ಲಿ ಹವಳದ ಬಳಗಕ್ಕೇ ಸೇರಿದ ಸಮುದ್ರ ಹೂವಿನಲ್ಲಿ ತೋರಿಸಲಾಯಿತು. ಜಮೈಕಾದಲ್ಲಿ ಥಾಮಸ್ ಗೊರೋ ಅದೇ ಹೊತ್ತಿಗೆ, ಬೆಳಕಿದ್ದಾಗ ಹವಳ ಕತ್ತಲಲ್ಲಿ ಇರುವುದಕ್ಕಿಂತ ಎಷ್ಟೋ ಬೇಗ ಅಸ್ಥಿ ಕಟ್ಟುತ್ತದೆ ಎಂದು ಅಳೆದು ತೋರಿಸಿದ. ಬೆಳಕು, ಪಾಚಿ, ಸುಣ್ಣ ಈ ಮೂರರ ನಂಟು ಹೀಗೆ ಸ್ಪಷ್ಟವಾಯಿತು.

ಇದೆಲ್ಲ ಪ್ರಯೋಗಶಾಲೆಯ ಮಾತು. ಮನೆಗಳಲ್ಲಿ ಆಗ ಏನು ನಡೆಯುತ್ತಿತ್ತು? 1950-60ರ ದಶಕದ ಸಮುದ್ರ ಅಕ್ವೇರಿಯಂ ಒಂದು ಬಗೆಯ ಆಸ್ಪತ್ರೆ ವಾರ್ಡು. ಶುಚಿತ್ವವೇ ಮಂತ್ರ. ಮೀನಿಗೆ ರೋಗ ಬಂದರೆ ತಾಮ್ರದ ಔಷಧಿ. ಮೀನು ಬದುಕುತ್ತಿತ್ತು, ಹವಳದಂಥ ಜೀವಿಗಳಿಗೆ ಅದೇ ವಿಷ. ತೊಟ್ಟಿಯ ಲೋಹದ ಚೌಕಟ್ಟು ಉಪ್ಪುನೀರಿಗೆ ತುಕ್ಕು ಹಿಡಿದು ಇನ್ನಷ್ಟು ಲೋಹ ಬಿಡುತ್ತಿತ್ತು. (ಸಿಲಿಕೋನ್ ಅಂಟು ಬಂದು ಬರೀ ಗಾಜಿನ ತೊಟ್ಟಿ ಸಾಧ್ಯವಾದ ಮೇಲೆ ಆ ಕಾಟ ತಪ್ಪಿತು.) ತಮಾಷೆಯೆಂದರೆ ಇಂಥ ತೊಟ್ಟಿಗಳಲ್ಲೂ ಹವಳವಿರುತ್ತಿತ್ತು. ಸತ್ತ ಹವಳ! ಬ್ಲೀಚಿಂಗ್ ದ್ರಾವಣದಲ್ಲಿ ಅದ್ದಿ ಬೆಳ್ಳಗೆ ಮಾಡಿದ ಅಸ್ಥಿಯನ್ನು ಮೀನುಗಳ ಹಿನ್ನೆಲೆಗೆ ಅಲಂಕಾರವಾಗಿ ಇಡುತ್ತಿದ್ದರು.

ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯದಲ್ಲಿ ರೆನೆ ಕತಾಲಾ 1956ರಲ್ಲಿ ತೆರೆದ ಅಕ್ವೇರಿಯಂನಲ್ಲಿ ಹವಳಗಳು ಸೊಗಸಾಗಿ ಬೆಳೆಯುತ್ತಿದ್ದವು. ಆದರೆ ಅಲ್ಲಿ ಪಕ್ಕದಲ್ಲೇ ಸಮುದ್ರ, ತಾಜಾ ನೀರು ಹರಿಯುತ್ತಲೇ ಇರುತ್ತಿತ್ತು. ಫ್ರಾಂಕ್‌ಫರ್ಟಿನ ಮಹಡಿ ಮನೆಯವನಿಗೆ ಆ ಭಾಗ್ಯವಿಲ್ಲ. ದಾರಿ ತೋರಿಸಿದ್ದು ಜಕಾರ್ತಾದ ಲೀ ಚಿನ್ ಎಂಗ್. ಆತನ ತೊಟ್ಟಿಯಲ್ಲಿ ಜಟಿಲ ಯಂತ್ರಗಳಿರಲಿಲ್ಲ. ಸಮುದ್ರದಿಂದ ತಂದ ‘ಜೀವಂತ ಬಂಡೆ’, ಅಂದರೆ ಬ್ಯಾಕ್ಟೀರಿಯ, ಹುಳುಹುಪ್ಪಟೆ, ಪಾಚಿಗಳು ತುಂಬಿದ ರಂಧ್ರಮಯ ಸುಣ್ಣಕಲ್ಲು, ನಿಧಾನಕ್ಕೆ ಏಳುವ ಗಾಳಿಗುಳ್ಳೆ, ಬಿಸಿಲು. ಇಷ್ಟೇ. 1961ರಲ್ಲಿ ಅಮೆರಿಕದ ಹವ್ಯಾಸಿ ಪತ್ರಿಕೆಯೊಂದರಲ್ಲಿ ಆತ ಇದನ್ನು ಬರೆದಾಗ ಶುಚಿತ್ವದ ಭಕ್ತರು ಮೂಗು ಮುರಿದರು. ಮೀನಿನ ಹೊಲಸನ್ನು ಹಂತಹಂತವಾಗಿ ಕರಗಿಸಿ ಕೊನೆಗೆ ನಿರುಪದ್ರವಿ ಅನಿಲವಾಗಿ ಹಾರಿಸಿಬಿಡುವ ಕೆಲಸವನ್ನು ಆ ಬಂಡೆಯೊಳಗಿನ ಬ್ಯಾಕ್ಟೀರಿಯಗಳೇ ಮಾಡುತ್ತಿದ್ದವು ಎಂಬುದು ಎಲ್ಲರಿಗೂ ಮನದಟ್ಟಾಗಲು ದಶಕಗಳು ಬೇಕಾದವು.

ಮುಂದಿನ ಹೆಜ್ಜೆ ಜರ್ಮನರದು. ಅವರು ಎರಡು ಕೊಡುಗೆ ಕೊಟ್ಟರು. ಒಂದು, ನೊರೆ ತೆಗೆಯುವ ಯಂತ್ರ. ನೀರಿನಲ್ಲಿ ಸಣ್ಣ ಗಾಳಿಗುಳ್ಳೆ ಎಬ್ಬಿಸಿದರೆ ಕರಗಿದ ಕಲ್ಮಷ ಅದಕ್ಕಂಟಿಕೊಂಡು ನೊರೆಯಾಗಿ ಮೇಲೇಳುತ್ತದೆ. ಅದನ್ನು ಬೇರೆ ಮಾಡಿ ಚೆಲ್ಲುವುದು. ಆಲೆಮನೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಮಡ್ಡಿ ತೆಗೆಯುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎರಡನೆಯದು ಇನ್ನೂ ಸರಳ: ಸುಣ್ಣದ ತಿಳಿ. 1970ರ ದಶಕದಲ್ಲಿ ಪೀಟರ್ ವಿಲ್ಕೆನ್ಸ್ ಇದನ್ನು ಪ್ರಚಾರಕ್ಕೆ ತಂದರು. ನೀರಿನಲ್ಲಿ ಸುಣ್ಣ ಕದಡಿ, ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಮಾತ್ರ ತೊಟ್ಟಿಗೆ ಹನಿಹನಿಯಾಗಿ ಬಿಡುವುದು. ಒಮ್ಮೆಲೇ ಸುರಿದರೆ ಅದರ ಖಾರಕ್ಕೆ ಎಲ್ಲ ಸಾಯುತ್ತವೆ. ನಿಧಾನವಾಗಿ ಬಿಟ್ಟರೆ ಹವಳ ಅಸ್ಥಿ ಕಟ್ಟುತ್ತದೆ. ಗಾಸ್ ಬಿಟ್ಟಿದ್ದ ಸುಣ್ಣ ಸುಮಾರು 120 ವರ್ಷಗಳ ಮೇಲೆ ತೊಟ್ಟಿಗೆ ಬಂದು ಸೇರಿತು. ವಿಪರ್ಯಾಸವೆಂದರೆ ಅದೇ ಕಾಲದಲ್ಲಿ ನಮ್ಮ ಮನ್ನಾರ್ ಕೊಲ್ಲಿಯಲ್ಲಿ ಸುಣ್ಣಕ್ಕೂ ಸಿಮೆಂಟಿಗೂ ಎಂದು ಹವಳದ ದಿಬ್ಬಗಳನ್ನೇ ಅಗೆಯಲಾಗುತ್ತಿತ್ತು.

ಅಮೆರಿಕದಲ್ಲಿ ಈ ಹವ್ಯಾಸ ಹಬ್ಬಿದ್ದು 1986ರಲ್ಲಿ ಜಾರ್ಜ್ ಸ್ಮಿಟ್ ಬರೆದ ಲೇಖನಮಾಲೆಯಿಂದ. ಅಲ್ಲಿಂದ ಮುಂದಿನದು ಯಂತ್ರಗಳ ಕಥೆ: ಪ್ರಖರ ದೀಪ, ಅಲೆ ಎಬ್ಬಿಸುವ ಪಂಪು, ತಾನೇ ಅಳೆದು ತಾನೇ ಬೆರೆಸುವ ಉಪಕರಣ. 1994ರ ಹೊತ್ತಿಗೆ ಡೆಲ್ಬೀಕ್ ಮತ್ತು ಸ್ಪ್ರಂಗ್ ಎಂಬಿಬ್ಬರು ಹವಳದ ತೊಟ್ಟಿಯ ಬಗ್ಗೆಯೇ ದಪ್ಪ ಗ್ರಂಥ ಬರೆಯುವಷ್ಟು ಅನುಭವ ಜಮೆಯಾಗಿತ್ತು.

ಇಷ್ಟೆಲ್ಲ ಆದ ಮೇಲೂ ಹವಳ ಬಿಳಿಚುತ್ತದೆ. ಈಗಿನ ಅನುಭವಿಗಳು ಅಂಥ ಸಂದರ್ಭದಲ್ಲಿ ಕಾರಣ ಹುಡುಕುವ ಕ್ರಮವನ್ನು ನೋಡಿದರೆ ಹಳೆಯ ಚರಿತ್ರೆಯನ್ನೇ ಮತ್ತೆ ಓದಿದಂತಾಗುತ್ತದೆ. ಮೊದಲು ಉಪ್ಪು. ಒಲೆಯ ಮೇಲಿನ ಸಾರು ಬತ್ತಿದಷ್ಟೂ ಉಪ್ಪಾಗುವಂತೆ ತೊಟ್ಟಿಯ ನೀರು ಆವಿಯಾದಷ್ಟೂ ಉಪ್ಪು ಏರುತ್ತದೆ. ಅದಕ್ಕೆ ಸೇರಿಸಬೇಕಾದದ್ದು ಸಿಹಿನೀರನ್ನೇ, ಉಪ್ಪುನೀರನ್ನಲ್ಲ. ಅದೂ ಕ್ಲೋರಿನ್, ಲೋಹಗಳಿರುವ ನಲ್ಲಿ ನೀರಲ್ಲ, ಶುದ್ಧೀಕರಿಸಿದ್ದು. ಲೀಟರಿಗೆ ಸುಮಾರು 35 ಗ್ರಾಂ ಉಪ್ಪು, 24ರಿಂದ 27 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಲೀಟರಿಗೆ 400 ಮಿಲಿಗ್ರಾಂಗೂ ಸ್ವಲ್ಪ ಹೆಚ್ಚು ಕ್ಯಾಲ್ಸಿಯಂ ಇದು ಸಾಮಾನ್ಯ ಲೆಕ್ಕ. ಆದರೆ ಅಂಕಿಗಿಂತ ಮುಖ್ಯ, ಅಂಕಿ ಅಲುಗದಿರುವುದು. ನೀರಿನ ಕ್ಷಾರಗುಣ ವಾರದಲ್ಲಿ ಏರಿಳಿದರೆ ಕೊಂಬೆ ಹವಳಗಳ ಚರ್ಮ ತುದಿಯಿಂದಲೋ ಬುಡದಿಂದಲೋ ಸುಲಿಯತೊಡಗುತ್ತದೆ.

ಬಿಳಿಚಿದ ಜಾಗವೂ ಸುಳಿವು ಕೊಡುತ್ತದೆ. ದೀಪಕ್ಕೆ ಮುಖಮಾಡಿದ ಮೇಲ್ಭಾಗ ಮಾತ್ರ ಬೆಳ್ಳಗಾಗಿ ನೆರಳಿನ ಭಾಗ ಚೆನ್ನಾಗಿದ್ದರೆ ಬೆಳಕು ಹೆಚ್ಚಾಯಿತೆಂದು ಅನುಮಾನಿಸಬೇಕು. ಹೊಸ ದೀಪ ಹಾಕಿದ ವಾರದಲ್ಲಿ ಇದು ಸಾಮಾನ್ಯ. ಬಣ್ಣವೆಲ್ಲ ಕಂದಿಗೆ ತಿರುಗಿದರೆ ಬೆಳಕು ಸಾಲದು, ಇಲ್ಲವೇ ನೀರಿನಲ್ಲಿ ಗೊಬ್ಬರದಂಶ ಜಾಸ್ತಿ. ಒಂದೇ ಪಕ್ಕ ಸುಟ್ಟಂತಾಗಿದ್ದರೆ ನೆರೆಮನೆಯ ಜಗಳ: ರಾತ್ರಿ ಹೊತ್ತು ಪಕ್ಕದ ಹವಳ ಉದ್ದನೆಯ ಕುಟುಕು ಎಳೆಗಳನ್ನು ಚಾಚಿ ಇದನ್ನು ಹೊಡೆಯುತ್ತದೆ. ಸೌಮ್ಯವಾಗಿ ಕಾಣುವ ಕೆಲವು ಮೆತ್ತನೆಯ ಹವಳಗಳು ನೀರಿಗೇ ವಿಷ ಬಿಡುತ್ತವೆ. ಅದಕ್ಕೆ ಇದ್ದಿಲಿನ ಫಿಲ್ಟರು ಮದ್ದು. ಇದಾವುದೂ ಅಲ್ಲವಾದರೆ ರಾತ್ರಿ ಟಾರ್ಚು ಹಿಡಿದು ಹುಡುಕಬೇಕು. ಹವಳದ್ದೇ ಬಣ್ಣ ತಾಳಿ ಅದರ ಮೇಲೆಯೇ ಮೇಯುವ ಚಪ್ಪಟೆ ಹುಳುಗಳಿವೆ.

ಅತಿ ಶುಚಿತ್ವವೂ ಕೊಲ್ಲುತ್ತದೆ ಎಂಬುದು ಇತ್ತೀಚಿನ ಪಾಠ. ನೈಟ್ರೇಟ್, ಫಾಸ್ಫೇಟ್‌ಗಳನ್ನು ಶೂನ್ಯಕ್ಕಿಳಿಸುವುದೇ ಸಾಧನೆಯೆಂದು ಹವ್ಯಾಸಿಗಳು ಬಹುಕಾಲ ನಂಬಿದ್ದರು. ಆದರೆ ಹವಳದೊಳಗಿನ ಪಾಚಿಗೂ ಒಂದಿಷ್ಟು ಗೊಬ್ಬರ ಬೇಕು. ಸಾರಜನಕ ಸಿಕ್ಕಿ ಫಾಸ್ಫೇಟ್ ಸಿಗದೆ ಹೋದರೆ ಹವಳ ಬೆಳಕು, ಬಿಸಿಗಳಿಗೆ ಬೇಗ ಸೋತು ಬಿಳಿಚುತ್ತದೆ ಎಂದು ಬ್ರಿಟನ್ನಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಯಾರ್ಗ್ ವೀಡೆನ್‌ಮನ್ ಮತ್ತು ಸಂಗಡಿಗರು 2013ರಲ್ಲಿ ತೋರಿಸಿದರು. ಪ್ರಯೋಗ ನಡೆದದ್ದು ತೊಟ್ಟಿಗಳಲ್ಲೇ.

ಗಾಬರಿಬಿದ್ದು ಒಂದೇ ದಿನ ದೀಪ, ನೀರು, ಔಷಧಿ ಎಲ್ಲವನ್ನೂ ಬದಲಿಸುವವರೇ ಹೆಚ್ಚು. ಹವಳ ಸತ್ತರೆ ಯಾವುದರಿಂದ ಸತ್ತಿತು, ಉಳಿದರೆ ಯಾವುದರಿಂದ ಉಳಿಯಿತು ಎಂಬುದು ಅವರಿಗೆ ಎಂದೂ ತಿಳಿಯುವುದಿಲ್ಲ. ಆ್ಯನಾ ಥಿನ್ ಒಂದೊಂದನ್ನೇ ಬದಲಿಸಿ ನೋಡಿ, ಕಂಡದ್ದನ್ನು ಬರೆದಿಟ್ಟಳು.

ತೊಟ್ಟಿಯ ಪಾಠಗಳು ಸಮುದ್ರದ ಪಾಠಗಳಾದದ್ದು ಹವ್ಯಾಸಿಗಳೂ ನಿರೀಕ್ಷಿಸದ ತಿರುವು. ಅಮೆರಿಕದ ಅರಿಜೋನ ಮರುಭೂಮಿಯಲ್ಲಿ ‘ಬಯೋಸ್ಫಿಯರ್ 2’ ಎಂಬ ಗಾಜಿನ ಲೋಕವೊಂದಿದೆ. ಅದರೊಳಗೆ ಸುಮಾರು 26 ಲಕ್ಷ ಲೀಟರಿನ ಪುಟ್ಟ ಸಮುದ್ರ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದಂತೆ ನೀರಿನಲ್ಲಿ ಕಾರ್ಬೊನೇಟ್ ತಗ್ಗಿ ಹವಳ ಅಸ್ಥಿ ಕಟ್ಟುವುದೂ ತಗ್ಗುತ್ತದೆ ಎಂದು ಕ್ರಿಸ್ ಲ್ಯಾಂಗ್‌ಡನ್ ತಂಡ 2000ದಲ್ಲಿ ಪ್ರಕಟಿಸಿದ ಫಲಿತಾಂಶ ಆ ತೊಟ್ಟಿಯದು. ಕ್ಷಾರಗುಣ ಇಳಿಯಿತೆಂದು ಮನೆಯ ತೊಟ್ಟಿಯವನು ಸುಣ್ಣದ ತಿಳಿ ಹನಿಸಬಲ್ಲ. ಹಿಂದೂ ಮಹಾಸಾಗರಕ್ಕೆ ಯಾರು ಹನಿಸುತ್ತಾರೆ?

ಹಿಂದೂ ಮಹಾಸಾಗರದ ಮಾತು ಕನ್ನಡಿಗರಿಗೆ ದೂರದ್ದೇನಲ್ಲ. ಲಕ್ಷದ್ವೀಪದ ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲಾಟ್, ಬಿತ್ರ ದ್ವೀಪಗಳು 1956ರವರೆಗೆ ಮಂಗಳೂರಿನ ಕಲೆಕ್ಟರರ ಆಡಳಿತದಲ್ಲಿದ್ದವು. ಹವಳದ ಮೇಲೇ ನಿಂತ ನೆಲ ಅದು. ಮುರುಡೇಶ್ವರದ ಎದುರಿನ ನೇತ್ರಾಣಿ ಗುಡ್ಡದ ಸುತ್ತಲಿನ ನೀರಿನಲ್ಲೂ ಹವಳಗಳಿವೆ. 1998ರ ಬಿಸಿಗೆ ಲಕ್ಷದ್ವೀಪದ ಹವಳಗಳು ದೊಡ್ಡ ಪ್ರಮಾಣದಲ್ಲಿ ಬಿಳಿಚಿ ಸತ್ತವು. 2010, 2016ರಲ್ಲಿ ಮತ್ತೆ, 2024ರಲ್ಲಿ ಮತ್ತೊಮ್ಮೆ. ಯಂಗ್ ತಂಡ ಕಂಡದ್ದು ಇಡೀ ದ್ವೀಪಗಳ ಸುತ್ತ ನಡೆಯಿತು.

ಹವಳ ಸಾಕುವ ಆಸೆ ಹುಟ್ಟಿದ ಓದುಗರಿಗೆ ಒಂದು ಎಚ್ಚರಿಕೆ. 2001ರಲ್ಲಿ ದಿಬ್ಬ ಕಟ್ಟುವ ಹವಳಗಳನ್ನೆಲ್ಲ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಪಟ್ಟಿಗೆ, ಅಂದರೆ ಹುಲಿಯ ಸಾಲಿಗೆ, ಸೇರಿಸಲಾಯಿತು. ನಮ್ಮ ಸಮುದ್ರದಿಂದ ತೆಗೆದ ಹವಳವನ್ನು ಮಾರುವುದು, ಕೊಳ್ಳುವುದು ಎರಡೂ ಅಪರಾಧ.

ಇತ್ತ ಲಂಡನ್ನಿನ ಹಾರ್ನಿಮನ್ ವಸ್ತುಸಂಗ್ರಹಾಲಯದಲ್ಲಿ ಜೇಮಿ ಕ್ರ್ಯಾಗ್ಸ್ 2013ರಲ್ಲಿ ಹವಳಗಳನ್ನು ತೊಟ್ಟಿಯಲ್ಲೇ ಮೊಟ್ಟೆಯಿಡಿಸಿದರು. ಕಡಲಿನಲ್ಲಿ ಹವಳಗಳು ವರ್ಷದ ನಿರ್ದಿಷ್ಟ ರಾತ್ರಿಗಳಲ್ಲಿ, ಹುಣ್ಣಿಮೆಯ ಲೆಕ್ಕ ಹಿಡಿದು, ಒಟ್ಟಾಗಿ ಮೊಟ್ಟೆ ಬಿಡುತ್ತವೆ. ಕ್ರ್ಯಾಗ್ಸ್ ತೊಟ್ಟಿಯ ಮೇಲೆ ಕೃತಕ ಸೂರ್ಯೋದಯ, ಸೂರ್ಯಾಸ್ತ, ಬೆಳೆದು ಕ್ಷೀಣಿಸುವ ಚಂದ್ರ ಎಲ್ಲವನ್ನೂ ಏರ್ಪಡಿಸಿ, ನೀರಿನ ಬಿಸಿಯನ್ನು ಋತುವಿಗೆ ತಕ್ಕಂತೆ ಏರಿಳಿಸಿದ್ದರು. ಇದೇ ಉಪಾಯದಿಂದ 2019ರಲ್ಲಿ ಅಮೆರಿಕದ ಫ್ಲಾರಿಡ ಅಕ್ವೇರಿಯಂನಲ್ಲಿ ಕಂಬದ ಹವಳ ಮೊಟ್ಟೆಯಿಟ್ಟಿತು.

ಅದೇ ಫ್ಲಾರಿಡದ ಕರಾವಳಿಯಲ್ಲಿ 2023ರ ಜುಲೈಯಲ್ಲಿ ಸಮುದ್ರ ಬೆಂದುಹೋಯಿತು. ಮ್ಯಾನಟೀ ಕೊಲ್ಲಿಯ ಮಾಪಕವೊಂದು 38 ಡಿಗ್ರಿ ದಾಟಿತು. ಮುಳುಗುಗಾರರು ಸಾವಿರಾರು ಹವಳಗಳನ್ನು ಕಿತ್ತು, ನೀರಿನ ಡಬ್ಬಗಳಲ್ಲಿ ತುಂಬಿ ದಡಕ್ಕೆ ಸಾಗಿಸಿದರು. ಕಡಲಿನಲ್ಲೇ ಉಳಿದ ಜಿಂಕೆಗೊಂಬಿನಾಕಾರದ ಎರಡು ಜಾತಿಗಳು ಆ ಬೇಸಿಗೆಯಲ್ಲಿ ಬಹುತೇಕ ನಾಶವಾದವು ಎಂದು 2025ರಲ್ಲಿ ಪ್ರಕಟವಾದ ಅಧ್ಯಯನ ಹೇಳಿದೆ. ದಡ ಸೇರಿದವು ಉಳಿದದ್ದು ಮೇಲೆ ನೆರಳಿನ ಪರದೆ, ಕೆಳಗೆ ಪಂಪು, ಪಕ್ಕದಲ್ಲಿ ಉಪ್ಪಿನ ಮಾಪಕವಿದ್ದ ತೊಟ್ಟಿಗಳಲ್ಲಿ.